ಐದು ನಿಮಿಷದ ಅಜ್ಜಿ

ಚಪ್ಪಲಿ ಅಂಗಡಿಯ ಅಕ್ಕನಿಗೆ ಹದಿನೆಂಟು ವರ್ಷದ ಕೆಲಸದಲ್ಲಿ ಇಷ್ಟು ಹೆದರಿಕೆ ಆಗಿರಲಿಲ್ಲ. ಅಂಥ ಘನಕಾರ್ಯವನ್ನೇ ಮಾಡಿಕೊಂಡಿದ್ದಳು ಬಿಡಿ.

ಗಿರಾಕಿಗಳ ಅಳತೆ, ಫೋನ್ ನಂಬರು ಬರೆದಿಡುವುದು ಅವಳ ಕೆಲಸ. ಒಂದೇ ಹೆಸರಿನವರು ಏಳೆಂಟು ಜನ ಇದ್ದರೆ ಯಾರು ಯಾರೆಂದು ನೆನಪಿಡುವುದು ಹೇಗೆ? ಅದಕ್ಕೇ ಕಂಪ್ಯೂಟರಿನಲ್ಲಿ ಹೆಸರಿನ ಜಾಗಕ್ಕೆ ತನ್ನದೇ ಗುರುತು ಹಾಕಿಕೊಂಡಿದ್ದಳು: 'ಚೌಕಾಸಿ ಮೇಷ್ಟ್ರು', 'ಎಡಗಾಲು ದೊಡ್ಡದು, ಹೇಳಬಾರದು'. ಗಿರಾಕಿ ಬಾಗಿಲಲ್ಲಿ ಕಂಡರೆ ಸಾಕು, ಕೇಳುವ ಮೊದಲೇ ಸರಿಯಾದ ಜೋಡಿ ತೆಗೆದಿಡುತ್ತಿದ್ದಳು. ಜನ ಆ ಅಂಗಡಿಗೆ ಬರುತ್ತಿದ್ದದ್ದೇ ಅವಳ ಮುಖ ನೋಡಿ.

ಈ ದಿನ ಬೆಳಿಗ್ಗೆ ಯಜಮಾನರು, "ಹೊಸ ಮಾಲು ಬಂದಿದೆ ಅಂತ ಎಲ್ಲರಿಗೂ ಮೆಸೇಜ್ ಹಾಕಮ್ಮ. ಹೆಸರು ತಾನಾಗೇ ಸೇರ್ಕೊಳ್ಳುತ್ತೆ" ಎಂದಿದ್ದರು. ಸೇರಿಕೊಂಡಿತು, ನಾನ್ನೂರು ಜನರಿಗೂ, ಅವಳು ಹಾಕಿಕೊಂಡಿದ್ದ ಗುರುತೇ. ಮೇಷ್ಟ್ರು ಫೋನಿನಲ್ಲೇ ಬಿದ್ದು ಬಿದ್ದು ನಕ್ಕರು. ಎಡಗಾಲಿನವರು ಬಾಯಿಗೆ ಬಂದಂತೆ ಬೈದರು. ಅದನ್ನೆಲ್ಲ ಹೇಗೋ ನುಂಗಿಕೊಂಡಳು. ಪಟ್ಟಿಯಲ್ಲಿ ಇನ್ನೊಂದು ಸಾಲು ಕಂಡಾಗ ಮಾತ್ರ ಜೀವ ಬಾಯಿಗೆ ಬಂತು: 'ಐದು ನಿಮಿಷದ ಅಜ್ಜಿ. ಕೊಳ್ಳುವುದಿಲ್ಲ, ಕೂರಿಸಿ ಕಳಿಸುವುದು.'

ಅಯ್ಯೋ, ಅದನ್ನು ಬರೆದು ಆರು ವರ್ಷವಾಗಿತ್ತು! ಈಗ ಅಜ್ಜಿ ಒಂದು ದಿನ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತು ಹರಟದಿದ್ದರೆ ಇವಳಿಗೇ ಕೈಕಾಲು ಆಡುತ್ತಿರಲಿಲ್ಲ. ತಾಯಿ ಹೋದ ಮೇಲೆ ಇವಳನ್ನು 'ಮಗಳೇ' ಎನ್ನುತ್ತಿದ್ದ ಜೀವ ಅದೊಂದೇ. ಅದೂ ಕೈತಪ್ಪಿದರೆ? ಪುಣ್ಯಕ್ಕೆ ಅಜ್ಜಿಗೆ ಓದು ಬಾರದು. ಮೆಸೇಜು ಬಂದರೆ ಓದಿ ಹೇಳುವವಳು ಇವಳೇ.

ಹನ್ನೊಂದಕ್ಕೆ ಅಜ್ಜಿ ಬಂದರು. ಫೋನು ಚಾಚಿದರು.

"ಅದೇನೋ ಬಂದಿದೆ, ಓದು ಮಗಳೇ."

ಇವಳು ಫೋನು ಹಿಡಿದು ಓದಿದಳು. "ಪ್ರೀತಿಯ ಅಜ್ಜಿ, ಹೊಸ ಚಪ್ಪಲಿ ಬಂದಿವೆ, ತಪ್ಪದೆ ಬನ್ನಿ."

"ಅಷ್ಟೇನಾ?"

"ಅಷ್ಟೇ ಅಜ್ಜಿ."

"ಸೊಸೆ ಓದಿದಾಗ ಇನ್ನೂ ಉದ್ದ ಇತ್ತಲ್ಲ."

ತಪ್ಪಾಯಿತು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಫೋನು ತೆಗೆದುಕೊಂಡು ಚೀಲಕ್ಕೆ ಹಾಕಿದರು. ಸ್ಟೂಲಿನ ಮೇಲೆ ಕೂರಲಿಲ್ಲ.

"ಒಂದು ಜೋಡಿ ಚಪ್ಪಲಿ ಕೊಡಿ. ಯಾವುದಾದ್ರೂ ಸರಿ."

ಆರು ವರ್ಷದಲ್ಲಿ ಮೊದಲ ಸಲ ಅಜ್ಜಿ ಇವಳಿಗೆ ಬಹುವಚನ ಹಚ್ಚಿದ್ದರು. ಇವಳು ಕಪಾಟಿನ ಮುಂದೆ ನಿಂತೇ ಇದ್ದಳು. ಊರ ಮಂದಿಯ ಪಾದವೆಲ್ಲ ಬಾಯಿಪಾಠ ಇದ್ದವಳು ಕೊನೆಗೆ ತಿರುಗಿ, ತಲೆ ತಗ್ಗಿಸಿ ಕೇಳಿದಳು:

"ನಿಮ್ಮ ಅಳತೆ ಎಷ್ಟು ಅಜ್ಜಿ?"