ಶಾಲೆಯ ಬೀಗದ ಕೈ

ಶಾಲೆಯ ಗೇಟಿನ ಎದುರಿಗೇ ಕತ್ತರಿ ಮಾಮನ ಕಟಿಂಗ್ ಅಂಗಡಿ. ಒಂದು ಕುರ್ಚಿ, ಎರಡು ಕನ್ನಡಿ, ಕಾಯುವವರಿಗೊಂದು ಬೆಂಚು. ಆ ಬೆಂಚಿನ ಮೇಲೆ ಕೂತವರೆಲ್ಲ ಈಚೆಗೆ ಬೈಯುತ್ತಿದ್ದದ್ದು ಒಬ್ಬರನ್ನೇ, ಶಾಲೆಯ ಹೆಡ್‌ಮೇಷ್ಟ್ರನ್ನು. ನಾಲ್ಕು ತರಗತಿಗೆ ಪಾಠ ಹೇಳಲು ಇದ್ದವರೇ ಇಬ್ಬರು. ಟೀಚರಮ್ಮ ಹೆರಿಗೆ ರಜೆಗೆ ಹೋದ ಮೇಲೆ ಮೇಷ್ಟ್ರು ಒಬ್ಬರೇ. ಅವರೂ ವಾರಕ್ಕೆ ಮೂರು ದಿನ ಕಾಗದಪತ್ರ ಹಿಡಿದು ಮೇಲಿನ ಆಫೀಸಿಗೆ ಅಲೆಯುತ್ತಿದ್ದರು. ಮಕ್ಕಳು ಬೋರ್ಡಿನ ಮೇಲಿನ ಹಳೇ ಲೆಕ್ಕವನ್ನೇ ಮತ್ತೆ ಮತ್ತೆ ಬರೆದುಕೊಳ್ಳುತ್ತಾ ಕೂತಿರುತ್ತಿದ್ದರು.

ಮಾಮ ಯಾರ ಮಾತಿಗೂ ಹೂಂ ಅನ್ನುವವನಲ್ಲ, ಊಹೂಂ ಅನ್ನುವವನೂ ಅಲ್ಲ. ಕುರ್ಚಿಯಲ್ಲಿ ಆಡಿದ ಮಾತನ್ನು ಕೂದಲಿನ ಜೊತೆಗೇ ಗುಡಿಸಿ ಹಾಕಬೇಕೆಂದು ಅವನಪ್ಪ ಕಲಿಸಿದ್ದ. ಆದರೆ ಹೋದ ವಾರ ನಾಲ್ಕನೇ ತರಗತಿಯಲ್ಲಿದ್ದ ಅವನ ಮಗಳು ಅಂಗಡಿಗೆ ಬಂದು ಪಾಠ ಓದಿ ತೋರಿಸಿದಳು. ಎಲ್ಲೂ ತಡವರಿಸಲಿಲ್ಲ. ಮಾಮ ಹಿಗ್ಗಿ ಹೀರೇಕಾಯಿಯಾದ. ಬೆಂಚಿನ ಮೇಲಿದ್ದ ಪೇಪರಿನ ಒಂದು ಸಾಲಿಗೆ ಬೆರಳಿಟ್ಟು, "ಇದನ್ನೂ ಓದು ಪುಟ್ಟಿ" ಅಂದ. ಮಗಳು ಅಕ್ಷರ ನೋಡಿದಳು, ಅಪ್ಪನ ಮುಖ ನೋಡಿದಳು, ಕಣ್ಣು ತುಂಬಿಕೊಂಡಳು. ಅಷ್ಟು ಹೊತ್ತು ಓದಿದ್ದೆಲ್ಲ ಬಾಯಿಪಾಠ. ಮುಂದಿನ ವರ್ಷ ದೊಡ್ಡ ಶಾಲೆಗೆ ಸೇರಬೇಕಾದ ಹುಡುಗಿ!

"ನೀನೇ ಹೇಳಪ್ಪಾ ಮೇಷ್ಟ್ರಿಗೆ," ಎಂದು ಹಾಲಿನವನು ಗಂಟುಬಿದ್ದ. ಅವನ ಮಗನೂ ಅದೇ ತರಗತಿ. "ನಾವು ಹೋದ್ರೆ ಕೆಲಸ ಇದೆ ಅಂತ ಎದ್ದು ಹೋಗ್ತಾರೆ. ನಿನ್ನ ಕುರ್ಚೀಲಿ ಕೂತ್ರೆ ಅರ್ಧ ಕಟಿಂಗಿನಲ್ಲಿ ಎಲ್ಲಿಗೆ ಹೋಗ್ತಾರೆ?"

ಮಾಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಯೋಚಿಸಿದ. ಮೀಸೆ ಸರಿಮಾಡುವಾಗ ಹೇಳಿಬಿಡಬೇಕು. ಆಗ ಎಂಥವರೂ ತುಟಿ ಅಲ್ಲಾಡಿಸುವಂತಿಲ್ಲ.

ಭಾನುವಾರ ಮೇಷ್ಟ್ರು ಬಂದು ಕೂತರು. ತಲೆ ಮುಗಿಯುವವರೆಗೂ ಮಾಮ ಬರೀ ಕತ್ತರಿ ಆಡಿಸಿದ. ಕೊನೆಗೆ ಮೀಸೆಗೆ ಸಣ್ಣ ಕತ್ತರಿ ಇಟ್ಟು ಬಾಯಿಬಿಟ್ಟ.

"ಸಾರ್, ತಪ್ಪು ತಿಳ್ಕೋಬೇಡಿ. ನನ್ನ ಮಗಳಿಗೆ ಓದೋಕೆ ಬರಲ್ಲ. ನಾಲ್ಕನೇ ಕ್ಲಾಸು ಸಾರ್. ನನಗೆ ಭಯ ಆಗ್ತಿದೆ."

ಮೇಷ್ಟ್ರು ತುಟಿ ಅಲ್ಲಾಡಿಸಿಯೇಬಿಟ್ಟರು. "ನನಗೆ ವರ್ಗ ಆಗಿದೆಯಪ್ಪಾ. ನಾಳೇನೇ ಬೇರೆ ಊರಿನ ಶಾಲೇಲಿ ಹಾಜರಾಗಬೇಕು."

ಕಚಕ್! ಬಲಗಡೆಯ ಮೀಸೆ ಅರ್ಧ ಹೋಗಿತ್ತು. ಮೂವತ್ತು ವರ್ಷದಲ್ಲಿ ಮಾಮನ ಕೈ ಹಾಗೆ ತಪ್ಪಿದ್ದು ಅದೇ ಮೊದಲು.

ಮೇಷ್ಟ್ರು ಕನ್ನಡಿ ನೋಡಿಕೊಂಡು ನಿಟ್ಟುಸಿರುಬಿಟ್ಟರು. "ಪೂರ್ತಿ ತೆಗೆದುಬಿಡು. ಅಲ್ಲಿ ಯಾರಿಗೆ ಗೊತ್ತು ನನಗೆ ಮೀಸೆ ಇತ್ತು ಅಂತ."

"ಇಲ್ಲಿಗೆ ಯಾರು ಬರ್ತಾರೆ ಸಾರ್?"

"ಬರ್ತಾರೆ. ಆರ್ಡರ್ ಆಗಬೇಕು." ಮೀಸೆಯಿಲ್ಲದ ಮೇಷ್ಟ್ರು ಸೋತವರಂತೆ ಕಾಣುತ್ತಿದ್ದರು. "ಇನ್ನೊಬ್ಬ ಟೀಚರ್ ಕೊಡಿ ಅಂತಾನೇ ನಾನು ಆಫೀಸಿಗೆ ಅಲೀತಿದ್ದದ್ದು. ಅವರು ನನ್ನನ್ನೇ ಎತ್ತಿ ಬೇರೆ ಕಡೆ ಹಾಕಿದ್ರು." ಏಳುವಾಗ ಜೇಬಿನಿಂದ ಬೀಗದ ಕೈ ತೆಗೆದು ಬಾಚಣಿಗೆಗಳ ಪಕ್ಕ ಇಟ್ಟರು. "ಗೇಟಿಗೆ ಹತ್ತಿರದವನು ನೀನೇ. ಒಂಬತ್ತಕ್ಕೆ ತೆಗೆದುಬಿಡು. ಮಕ್ಕಳು ಬಿಸಿಲಲ್ಲಿ ನಿಲ್ಲೋದು ಬೇಡ."

ಸಂಜೆ ಹಾಲಿನವನು ಬಂದು, "ಹೇಳಿದ್ಯಾ?" ಎಂದ. ಮಾಮ ಬೀಗದ ಕೈ ತೋರಿಸಿದ. ಇಷ್ಟು ದಿನ ಬೈಯಲಿಕ್ಕಾದರೂ ಒಬ್ಬರಿದ್ದರು. ಈಗ ಯಾರನ್ನು ಹೋಗಿ ಕೇಳುವುದು?

ಮರುದಿನ ಒಂಬತ್ತಕ್ಕೆ ಮಾಮ ಗೇಟು ತೆಗೆದ. ಆಮೇಲೆ ಕೋಣೆಯ ಬಾಗಿಲು ತೆಗೆದ. ಮಕ್ಕಳು ಒಳಗೆ ನುಗ್ಗಿ ತಮ್ಮ ತಮ್ಮ ಜಾಗ ಹಿಡಿದರು. ಅವನು ಕಿಟಕಿಗಳನ್ನು ತೆಗೆದು, ಇನ್ನು ಹೊರಡೋಣವೆಂದು ಬೋರ್ಡಿನ ಮುಂದೆ ಹಾದುಹೋಗುವಾಗ ಮಕ್ಕಳೆಲ್ಲ ದಡಬಡ ಎದ್ದು ನಿಂತರು.

"ನಮಸ್ತೇ ಸಾರ್."

ಎರಡನೇ ಸಾಲಿನಲ್ಲಿ ಅವನ ಮಗಳೂ ಕೈ ಮುಗಿದು ನಿಂತಿದ್ದಳು. ಆಟಕ್ಕಲ್ಲ, ನಿಜವಾಗಿಯೇ. ಕೂತ್ಕೊಳ್ಳಿ ಅನ್ನಬೇಕೆಂದು ಮಾಮನಿಗೆ ಗೊತ್ತಿತ್ತು. ಅಂದ. ಎಲ್ಲರೂ ಕೂತು, ಪುಸ್ತಕ ತೆಗೆದು, ಅವನ ಮುಖ ನೋಡತೊಡಗಿದರು.