ಸಿಮೆಂಟು ಮೆತ್ತಿದ ಸೈಲೆನ್ಸರ್

ಸುಟ್ಟ ಪೆಟ್ರೋಲಿನ ಹೊಗೆ ಮೂಗಿಗೆ ಬಡಿದರೆ ಸಾಕು, ಎಷ್ಟೇ ಧೂಳಿರಲಿ, ಕಾರಿನ ಗಾಜು ಇಳಿಸಿಬಿಡುತ್ತೇನೆ. ಆ ವಾಸನೆಯ ಹಿಂದೆಯೇ ವಾಡಿಯ ನಮ್ಮ ಮನೆ ಬರುತ್ತದೆ: ಬರಿಗಾಲಿಗೆ ತಣ್ಣಗೆ ತಾಗುವ ಫರಸಿ ಕಲ್ಲಿನ ಪಡಸಾಲೆ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು, ಒಳಕೋಣೆಯಿಂದ ಸಣ್ಣವ್ವನ ಉಬ್ಬಸ. ಸಣ್ಣವ್ವ ಎಂದರೆ ಅಪ್ಪನ ತಮ್ಮನ, ನಮ್ಮ ಕಾಕಾನ ಹೆಂಡತಿ. ಮಕ್ಕಳಿಲ್ಲದ ಅವಳು ನನಗೆ ಹೆರಳು ಹಾಕುತ್ತಾ ನಡುನಡುವೆ ಉಸಿರಿಗಾಗಿ ನಿಲ್ಲುತ್ತಿದ್ದಳು. ನಾನೂ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ನಿಮ್ಮ ಮನೆಯಲ್ಲೂ ಅಂಥ ಒಬ್ಬಳು ಇದ್ದಿರಬೇಕು. ತುಂಬಿದ ಮನೆಯಲ್ಲಿ ನಿಮಗಾಗಿ ಪುರುಸೊತ್ತು ಇದ್ದವಳು ಅವಳೊಬ್ಬಳೇ.

ಅವಳನ್ನು ಕಲಬುರಗಿಯ ದವಾಖಾನೆಗೆ ಒಯ್ಯಲೆಂದೇ ಕಾಕಾ ಒಂದು ಹಳೆಯ ಕಾರು ಇಟ್ಟುಕೊಂಡಿದ್ದ. ಅದಾದರೋ ಏರು ಕಂಡರೆ ಕುಂತುಬಿಡುತ್ತಿತ್ತು. ಹೊಗೆ ಹೋಗುವ ಪೈಪು ದಪ್ಪವಾದರೆ ಎಂಜಿನ್ನಿಗೆ ಉಸಿರಾಟ ಸಲೀಸು, ಗಾಡಿ ಓಡುತ್ತದೆ ಎಂದು ಯಾರೋ ಅವನ ತಲೆಗೆ ಹಾಕಿದ್ದರು. ಎಲ್ಲಿಂದಲೋ ದೊಡ್ಡ ಗಾಡಿಯ ಸೈಲೆನ್ಸರ್ ತಂದ. ಹಳೆಯದನ್ನು ಕೊಯ್ದು ತೆಗೆದ ದಿನವೇ, ಮಟಮಟ ಮಧ್ಯಾಹ್ನ, ಸಣ್ಣವ್ವನ ತುಟಿ ನೀಲಿಗಟ್ಟಿತು. ರೈಲಿಗೆ ಇನ್ನೂ ಹೊತ್ತಿತ್ತು, ಬೇರೆ ಗಾಡಿ ಸಿಗಲಿಲ್ಲ. ಇತ್ತ ಎಂಜಿನ್ನಿನ ಪೈಪು ಸಣ್ಣದು, ಹೊಸದರ ಬಾಯಿ ದೊಡ್ಡದು. ಒಂದರೊಳಗೊಂದು ಲೊಡಲೊಡ ಆಡುತ್ತಿತ್ತು.

“ಎರಡೂ ಒಂದೇ ಅಳತಿ ಇರಬೇಕ್ರಿ. ನಡುವ ಹಾಕೋ ತುಂಡು ನಾಳಿ ತರ್ತೀನಿ. ಇಲ್ಲಂದ್ರ ಹೊಗಿ ಸೋರ್ತದ,” ಎಂದ ಮೆಕ್ಯಾನಿಕ್ ಬಾಬುಮಿಯಾ.

“ನಾಳಿತನಕ ಆಕಿ ಉಳೀಬೇಕಲ್ರೀ!” ಎಂದು ಕಾಕಾ ಚೀರಿದ.

ನಮ್ಮದು ಸಿಮೆಂಟು ಕಾರ್ಖಾನೆಯ ಊರು. ಸೋರುವ ಮಾಳಿಗೆಗೂ ಸಿಮೆಂಟು, ಒಡೆದ ನೀರಿನ ಬಾನಿಗೂ ಸಿಮೆಂಟು. ಅದು ಹಿಡಿಯದ ಬಿರುಕು ಇದೆಯೆಂದು ನಾವು ನಂಬಿರಲೇ ಇಲ್ಲ. ಕಾಕಾ ಪೈಪಿನ ಸಂದಿಗೆ ಗೋಣಿಯ ಚಿಂದಿ ತುರುಕಿ, ಸಿಮೆಂಟು ಮೆತ್ತಿ, ತಂತಿ ಬಿಗಿದ. ಒಣಗುವವರೆಗೂ ಕಾಯಲಿಲ್ಲ. ಧೂಳು ತಾಗಬಾರದೆಂದು ಹಿಂದಿನ ಗಾಜುಗಳನ್ನೆಲ್ಲ ಏರಿಸಿ ಸಣ್ಣವ್ವನನ್ನು ಸೀಟಿನ ಮೇಲೆ ಮಲಗಿಸಿದ. ನಾನು ಅತ್ತು ಹಟಮಾಡಿ ಮುಂದೆ, ಕಿಟಕಿಯ ಪಕ್ಕ ಹತ್ತಿ ಕೂತೆ.

ಗಾಡಿ ನಿಜಕ್ಕೂ ಓಡಿತು. “ನೋಡು, ಹೆಂಗ ಓಡಾಕತ್ತದ!” ಎಂದು ಕಾಕಾ ಅಳುತ್ತಳುತ್ತಲೇ ಅವಳಿಗೆ ಹೇಳಿದ. ಶಹಾಬಾದ ದಾಟುವಾಗ ನನಗೆ ತಲೆ ಸಿಡಿಯತೊಡಗಿತು, ಕಿಟಕಿಯಿಂದ ಮುಖ ಹೊರಗೆ ಚಾಚಿದೆ. ಬಿಸಿಗೆ ಸಿಮೆಂಟು ಬಿರಿದು, ತುಕ್ಕು ತಿಂದ ನೆಲದ ತೂತುಗಳಿಂದ ಹೊಗೆ ಹಿಂದಿನ ಸೀಟಿಗೆ ಏರುತ್ತಿತ್ತೆಂದು ತಿಳಿದದ್ದು ಆಮೇಲೆ. ಆಗ ಗಮನಕ್ಕೆ ಬಂದದ್ದು ಉಬ್ಬಸದ ಸದ್ದು ತಗ್ಗಿದ್ದು ಮಾತ್ರ. ತಿರುಗಿ ನೋಡಿದೆ. ಅವಳ ಮುಖದ ಬಿಗಿ ಸಡಿಲಿ, ಕೆನ್ನೆಗೆ ಕೆಂಪು ಬಂದಿತ್ತು.

“ಕಾಕಾ, ಸಣ್ಣವ್ವ ಮಲ್ಕೊಂಡಾಳ.”

“ಎಬ್ಬಸಬ್ಯಾಡವ್ವಾ. ಎಷ್ಟು ದಿನಕ್ಕ ನಿದ್ದಿ ಹತ್ತ್ಯಾದ ಆಕಿಗಿ.”

ಆ ಮನೆ ಈಗ ಇಲ್ಲ. ಕಾಕಾನೂ ಇಲ್ಲ. ಸಣ್ಣವ್ವನ ಕೆನ್ನೆಯ ಆ ಕೆಂಪು, ಜೀವ ತೆಗೆದ ಹೊಗೆಯದೆಂದು ಡಾಕ್ಟರು ಹೇಳಿದ ಮೇಲೆ, ಬದುಕಿದ್ದಷ್ಟು ದಿನ ಅವನು ಮತ್ತೆ ಗಾಡಿ ಮುಟ್ಟಲಿಲ್ಲ. ಅವನ ಮೇಲೆ ಸಿಟ್ಟಾಗಲು ನಾನು ಎಷ್ಟೋ ಸಲ ನೋಡಿದ್ದೇನೆ, ಆಗುವುದಿಲ್ಲ. ಯಾಕೆಂದರೆ ನಾನು ಹಾಗೆ ಹೇಳಿದ ಮೇಲೆ ಅವನು ವೇಗ ತಗ್ಗಿಸಿದ. ಅವಳ ನಿದ್ದೆ ಕೆಡಬಾರದೆಂದು, ರಸ್ತೆಯ ಒಂದೊಂದು ಗುಂಡಿಯನ್ನೂ ಬಳಸಿಕೊಂಡು, ಮೆಲ್ಲಗೆ, ತೀರಾ ಮೆಲ್ಲಗೆ ದವಾಖಾನೆಯ ಬಾಗಿಲವರೆಗೂ ಓಡಿಸಿದ.