ಗಾಜು ಮುಟ್ಬೇಡ್ರೋ
ಕೇಳ್ರೋ, ನಮ್ಮ ಬಾಹ್ಯಾಕಾಶ ನೌಕೇಲಿ ವರ್ನಾಕ್ಕ ಅಂತಿದ್ರು. ಭೂಮಿ ಸುತ್ತ ತೇಲೋ ದೊಡ್ಡ ದೂರದರ್ಶಕದ ರಿಪೇರಿಗೆ ನೌಕೆಯಿಂದ ಹೊರಗೆ ಹೋದೋರ ಫೋಟೋನ ಕಿಟಕಿಯಿಂದ ತೆಗೆಯೋದೇ ಅವರ ಕೆಲಸ. ದಿನಕ್ಕೆ ನೂರು ಸಲ ಕಿಟಕಿ ಒರೆಸೋರು. "ಗಾಜು ಮುಟ್ಬೇಡ್ರೋ, ಕಲೆ ಬೀಳತ್ತೆ!" ನಾನು ಉಸಿರು ಬಿಟ್ರೂ, "ಆ ಕಡೆ ತಿರುಗಿ ಬಿಡೋ!" ಹೊರಗೆ ರಿಪೇರಿ ಮಾಡ್ತಿರೋ ನಮ್ಮ ಡಾರೆಲ್‌ಗೆ ರೇಡಿಯೋದಲ್ಲಿ, "ಬೋಲ್ಟ್ ಕಾಣ್ತಿಲ್ಲ, ನಿನ್ನ ಆನೆಕೈ ತೆಗಿಯೋ!" ಅವನು "ನೀವೇ ಬಂದು ಮಾಡಿ ಅಕ್ಕ" ಅಂದ್ರೆ ಮಾತ್ರ ರೇಡಿಯೋ ಬಿಟ್ಟು ಮತ್ತೆ ಗಾಜು ಒರೆಸೋಕೆ ತಿರುಗೋರು. ಅಕ್ಕನೂ ಹಾಗೆ ಹೊರಗೆ ಹೋಗೋಕಂತಾನೇ ಒಂಬತ್ತು ವರ್ಷ ಈಜುಕೊಳದಲ್ಲಿ ಮುಳುಗಿ, ತೇಲ್ತಾ ಕೆಲಸ ಮಾಡೋದು ಕಲಿತೋರು. ಪ್ರತಿ ಸಲ ಬೇರೆಯವರ ಹೆಸರೇ ಬಂತು. ಇದೇ ಕೊನೇ ರಿಪೇರಿ, ಇನ್ಯಾರೂ ಅಲ್ಲಿಗೆ ಹೋಗಲ್ಲ. ದೂರದರ್ಶಕಾನ ಬಿಟ್ಟು ನಾವು ಹೊರಟಾಗ ಕಿಟಕಿ ಹತ್ರ ಅವರೊಬ್ರೇ ಇದ್ರು. ಆ ಕೊನೇ ಫೋಟೋ ನೋಡಿ, ದೂರ ಹೋಗ್ತಿರೋ ದೂರದರ್ಶಕದ ಮೇಲೆ ಮಬ್ಬಾಗಿ ಐದು ಬೆರಳಿನ ಕಲೆ ಇದೆ.